ಜಾತ್ಯತೀತವೋ, ಮತನಿರಪೇಕ್ಷವೋ, ಮತೇತರವೋ?

ಎಲ್ಲರಿಗೂ ನಮಸ್ಕಾರ. ಸೆಕ್ಯುಲರ್ ಅನ್ನೋದಕ್ಕೆ ಕನ್ನಡದಲ್ಲಿ ಯಾವ ಪದ ಸರಿ ಅಂತ ಕೇಳೋದಿದೆ, ಸ್ವಲ್ಪ ಉದ್ದ ಆಗಬಹುದು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರ ಗ್ರಂಥಾಲಯದ ಗೋಡೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಮಲಯಾಳದಲ್ಲೂ ಕನ್ನಡದಲ್ಲೂ ಬರೆಸುತ್ತಿದ್ದೇವೆ. ಮಲಯಾಳದ ಕಡೆ ತಕರಾರಿಲ್ಲ, 'ಮತೇತರ' ಅಂತ ಬರೆದು ಮುಗಿಯಿತು. ಕನ್ನಡದಲ್ಲಿ 'ಸಮಾಜವಾದಿ' ತನಕ ಬಂದ ಪೈಂಟರ್ ಬ್ರಷ್ ಕೆಳಗಿಟ್ಟು ಕೂತಿದ್ದಾನೆ. ಯಾಕೆಂದರೆ ಒಬ್ಬರು ತಂದ ಪ್ರತಿಯಲ್ಲಿ 'ಜಾತ್ಯತೀತ' ಇದೆ, ಇನ್ನೊಬ್ಬರ ಪ್ರತಿಯಲ್ಲಿ 'ಸರ್ವಧರ್ಮ ಸಮಭಾವದ' ಇದೆ, ಮತ್ತೊಬ್ಬರು 'ಮತನಿರಪೇಕ್ಷ' ಅಂತ ಹಾಕಿ ಅಂತಾರೆ. ಸೆಕ್ಯುಲರ್ ಅನ್ನೋ ಒಂದೇ ಪದಕ್ಕೆ ಇಷ್ಟು!

ಮೊದಲು ಜಾತ್ಯತೀತ. ಜಾತಿ ಮತ್ತು ಅತೀತ ಸೇರಿದರೆ ಯಣ್ ಸಂಧಿ, 'ತ್ಯ'ಕ್ಕೆ ದೀರ್ಘ ಬರುವುದಿಲ್ಲ. 'ಜಾತ್ಯಾತೀತ' ಅಂತ ಪೇಪರಿನಲ್ಲಿ ದಿನಾ ನೋಡಿ ನೋಡಿ ಅದೇ ಸರಿ ಅನ್ನಿಸಿಬಿಟ್ಟಿದೆ. ಅದು ಬಿಡಿ, ಅರ್ಥಕ್ಕೆ ಬರೋಣ. ನಮ್ಮ ಮಾತಿನಲ್ಲಿ ಜಾತಿ ಅಂದರೆ ಧರ್ಮವೂ ಹೌದು. ಯಾವ ಜಾತಿಯವರು ಅಂತ ಕೇಳಿದರೆ ಬಂಟರು ಅಂತಲೂ ಉತ್ತರ ಬರುತ್ತದೆ, ಬ್ಯಾರಿಗಳು (ಕರಾವಳಿಯ ಮುಸ್ಲಿಮರು) ಅಂತಲೂ ಬರುತ್ತದೆ, ಕೇಳಿದವರಿಗೆ ಏನೂ ವಿಚಿತ್ರ ಅನ್ನಿಸುವುದಿಲ್ಲ. ಹಾಗಾಗಿ ಈ ಪದ ಕನ್ನಡದಲ್ಲಿ ನಿಂತಿತು ಅಂತ ನನ್ನ ಊಹೆ. ಮಲಯಾಳದಲ್ಲಿ ಹಾಗಲ್ಲ, ಜಾತಿ ಬೇರೆ, ಮತ ಬೇರೆ. ನಾರಾಯಣ ಗುರುಗಳ 'ಒರು ಜಾತಿ ಒರು ಮತಂ ಒರು ದೈವಂ' ನೆನಪಿಸಿಕೊಳ್ಳಿ, ಎರಡನ್ನೂ ಬೇರೆ ಬೇರೆಯಾಗಿಯೇ ಎಣಿಸಿದ್ದಾರೆ.

ನನ್ನ ತಕರಾರು ಇಷ್ಟು: ಜಾತ್ಯತೀತ ಅಂದಾಗ ನಮಗೆ ಕಾಣೋದು ಒಬ್ಬ ಮನುಷ್ಯ. ಯಾರ ಮನೆಯಲ್ಲಾದರೂ ಉಣ್ಣುವವನು, ಮಕ್ಕಳ ಮದುವೆಗೆ ಜಾತಿ ನೋಡದವನು. ಪೀಠಿಕೆಯಲ್ಲಿ ಆ ಪದ ಮನುಷ್ಯನಿಗೆ ಹೇಳಿದ್ದಲ್ಲ, ಗಣರಾಜ್ಯಕ್ಕೆ ಹೇಳಿದ್ದು. ಸರಕಾರಕ್ಕೆ ತನ್ನದು ಅಂತ ಒಂದು ಧರ್ಮ ಇಲ್ಲ ಅನ್ನೋದು ಅದರ ಅರ್ಥ. ಜಾತಿ ಇಲ್ಲ ಅಂತ ಅಲ್ಲವೇ ಅಲ್ಲ. ವಿಲೇಜ್ ಆಫೀಸಿನಲ್ಲಿ ಜಾತಿ ಸರ್ಟಿಫಿಕೇಟ್ ಕೊಡುವುದೂ ಅದೇ ಸರಕಾರ, ಜಾತಿ ನೋಡಿ ಮೀಸಲಾತಿ ಕೊಡುವುದೂ ಅದೇ, ಕೊಡಲೇಬೇಕು ಕೂಡಾ. ಇದು ಹೇಗೆ ಜಾತ್ಯತೀತ ಅಂತ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇದೆ, ಅಲ್ವಾ?

ಸಂವಿಧಾನ ಸಭೆಯವರಿಗೆ ಈ ಚರ್ಚೆ ಹೊಸದಾಗಿರಲಿಲ್ಲ. 1948ರ ನವೆಂಬರ್ 15ರಂದು ಕೆ.ಟಿ. ಶಾ ಅವರು ಒಂದನೇ ವಿಧಿಗೇ ಸೆಕ್ಯುಲರ್ ಅಂತ ಸೇರಿಸಬೇಕು ಅಂದರು, ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಮರುವರ್ಷ ಅಕ್ಟೋಬರ್ 17ರಂದು ಪೀಠಿಕೆ ಚರ್ಚೆಗೆ ಬಂದಾಗ ಎಚ್.ವಿ. ಕಾಮತ್ ಅವರು 'ದೇವರ ಹೆಸರಿನಲ್ಲಿ' ಅಂತ ಶುರು ಮಾಡೋಣ ಅಂದರು. ಅದನ್ನು ಮತಕ್ಕೆ ಹಾಕಿದಾಗ ಪರ 41, ವಿರೋಧ 68. ಅಂದರೆ ದೇವರೂ ಪೀಠಿಕೆಗೆ ಬರಲಿಲ್ಲ, ಸೆಕ್ಯುಲರ್ ಪದವೂ ಬರಲಿಲ್ಲ. ಆ ಪದ ಬಂದದ್ದು 1976ರ 42ನೇ ತಿದ್ದುಪಡಿಯಲ್ಲಿ.

ಇಲ್ಲಿ ನಮ್ಮೂರಿನ ಹೆಮ್ಮೆ ಒಂದು ಹೇಳಲೇಬೇಕು. ಅದಕ್ಕೂ ಮೂರು ವರ್ಷ ಮೊದಲು, 1973ರ ಏಪ್ರಿಲ್ 24ರಂದು, ಸುಪ್ರೀಂ ಕೋರ್ಟಿನ 13 ಜನ ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ ಮೂಲ ರಚನೆಯನ್ನು ಮುಟ್ಟುವಂತಿಲ್ಲ ಅನ್ನೋ ತೀರ್ಪು. ಆ ಮೂಲ ಅಂಶಗಳಲ್ಲಿ ಸಂವಿಧಾನದ ಸೆಕ್ಯುಲರ್ ಗುಣವೂ ಒಂದು ಅಂತ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಬರೆದರು. ಕೇಸು ಹಾಕಿದವರು ಯಾರು? ಇಲ್ಲೇ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ! ಮಠದ ಭೂಮಿಯ ವಿಷಯಕ್ಕೆ ಕೇರಳ ಸರಕಾರದ ಮೇಲೆ ಹಾಕಿದ ಕೇಸು ಅದು. ಯಕ್ಷಗಾನಕ್ಕೆ, ಕನ್ನಡಕ್ಕೆ ಆಸರೆಯಾದ ಮಠದ ಸ್ವಾಮಿಗಳ ಕೇಸಿನಿಂದ ಗಟ್ಟಿಯಾದ ಪದಕ್ಕೆ ಕನ್ನಡದಲ್ಲಿ ಒಂದು ನೆಟ್ಟಗಿನ ರೂಪ ಇಲ್ಲ ಅಂದರೆ ಹೇಗೆ?

ಇನ್ನು ಉಳಿದ ಪದಗಳು. 'ಧರ್ಮನಿರಪೇಕ್ಷ' ನನಗೆ ಹಿಡಿಸುವುದಿಲ್ಲ. ನಮ್ಮಲ್ಲಿ ಧರ್ಮದೈವ ಇದೆ, ಧರ್ಮಾಸ್ಪತ್ರೆ ಇದೆ, ಧರ್ಮಕ್ಕೆ ಸಿಕ್ಕಿದ್ದು ಇದೆ, ಕೊನೆಗೆ ಧರ್ಮದೇಟೂ ಇದೆ. ಇಷ್ಟೆಲ್ಲ ಹೊತ್ತ ಪದದ ಮುಂದೆ ನಿರಪೇಕ್ಷ ಸೇರಿಸಿದರೆ ನ್ಯಾಯ ನೀತಿಯೇ ಬೇಡ ಅಂದ ಹಾಗೆ ಕೇಳುತ್ತದೆ. ಹಿಂದಿಯ ಅಧಿಕೃತ ಪಾಠದಲ್ಲೂ ಇದನ್ನು ಬಿಟ್ಟು 'ಪಂಥನಿರಪೇಕ್ಷ' ಅಂತ ಹಾಕಿದ್ದಾರೆ. 'ಮತನಿರಪೇಕ್ಷ' ಇನ್ನೂ ತಮಾಷೆ. ಕನ್ನಡದವರಿಗೆ ಮತ ಅಂದರೆ ವೋಟು ಕೂಡಾ ಹೌದಲ್ಲ, ಚುನಾವಣೆಗೆ ನಿಂತವನು ನಾನು ಮತನಿರಪೇಕ್ಷ ಅಂದರೆ ಅವನಿಗೆ ವೋಟೇ ಬೇಡ ಅಂತ ಆಗುತ್ತದೆ! 'ಸರ್ವಧರ್ಮ ಸಮಭಾವ' ಒಳ್ಳೆ ಮಾತು, ಆದರೆ ಅದು ಭಾವದ ಮಾತು. ಮಂಜೇಶ್ವರದ 'ಉದ್ಯಾವರ ಮಾಡ' ಅನ್ನೋ ದೈವಸ್ಥಾನದ ಪಾತ್ರಿಗಳು (ದೈವ ಮೈಮೇಲೆ ಬರುವವರು) ಜಾತ್ರೆಗೆ ಕರೆಯಲು ಸಾವಿರ ಜಮಾಅತ್ ಮಸೀದಿಗೆ ಹೋಗುತ್ತಾರಲ್ಲ, ಸಮಭಾವ ಅಂದರೆ ಅದು. ಅದು ಜನರು ಮಾಡೋದು, ಸರಕಾರದ ಕೆಲಸ ಬೇರೆ.

ನನ್ನ ಮಟ್ಟಿಗೆ 'ಮತೇತರ'ವೇ ಸರಿ. ಮಲಯಾಳದಿಂದ ಬಂತು ಅಂತ ಸುಮ್ನೆ ಮುಖ ಸಿಂಡರಿಸೋದು ಬೇಡ, ಬೋಧಕೇತರ ಸಿಬ್ಬಂದಿ, ಕನ್ನಡೇತರರು ಅಂತ ನಾವು ದಿನಾ ಬರೆಯುವುದಿಲ್ವಾ? ವೋಟಿನ ಗೊಂದಲ ಇಲ್ಲೂ ಬರುತ್ತದೆ ಅನ್ನಬಹುದು. ಆದರೆ 'ಮತಾಂತರ' ಅಂದಾಗ ಯಾರೂ ವೋಟು ಅಂದುಕೊಳ್ಳುವುದಿಲ್ಲ.

ಈಗ ಪ್ರಶ್ನೆ. ತೆಲುಗಿನ ಪೀಠಿಕೆಯಲ್ಲಿ 'ಲೌಕಿಕ' ಇದೆ, ತಮಿಳಿನಲ್ಲಿ ಮತದ ಕಡೆ ವಾಲದ್ದು ಅನ್ನೋ ಅರ್ಥದ ಪದ, ಮರಾಠಿಯಲ್ಲಿ 'ಧರ್ಮನಿರಪೇಕ್ಷ'. ಆಂಧ್ರದ ಆದೋನಿ, ತಮಿಳುನಾಡಿನ ಹೊಸೂರು, ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯ ಕನ್ನಡದವರು ಮಾತಿನಲ್ಲಿ ಯಾವುದನ್ನು ಬಳಸುತ್ತೀರಿ, ಅಲ್ಲಿನ ಪದ ನಿಮ್ಮ ಕನ್ನಡಕ್ಕೆ ಬಂದಿದೆಯಾ? ಹಾಗೇ 25ನೇ ವಿಧಿಯಲ್ಲಿ 1950ರಿಂದಲೇ ಸೆಕ್ಯುಲರ್ ಪದ ಇದೆ, ಧಾರ್ಮಿಕ ಆಚರಣೆಗೆ ಅಂಟಿಕೊಂಡ ಹಣಕಾಸು, ರಾಜಕೀಯದಂಥ ಚಟುವಟಿಕೆಗಳ ಬಗ್ಗೆ. ಹಿಂದಿಯಲ್ಲಿ ಅಲ್ಲಿ 'ಲೌಕಿಕ' ಅಂತ ಹಾಕಿದ್ದಾರೆ. ಕನ್ನಡದ ಹಳೆ ಅನುವಾದ ಯಾರ ಹತ್ತಿರವಾದರೂ ಇದ್ದರೆ ಆ ಜಾಗದಲ್ಲಿ ಏನಿದೆ ಅಂತ ನೋಡಿ ತಿಳಿಸಿ. 1976ಕ್ಕಿಂತ ಹಿಂದಿನ ಪತ್ರಿಕೆಗಳಲ್ಲಿ 'ಜಾತ್ಯತೀತ' ಕಂಡವರಿದ್ದರೆ ಆ ವಾಕ್ಯವನ್ನು ಪೂರ್ತಿ ಕಳಿಸಿ.