ಬನಹಟ್ಟಿಯಲ್ಲಿದ್ದುಕೊಂಡೇ ಮ್ಯೂಸಿಕ್ ಪ್ರೊಡ್ಯೂಸರ್ ಆಗಬಹುದೇ?

ಪ್ರಶ್ನೆ (ಬನಹಟ್ಟಿಯಿಂದ): ನಮಸ್ಕಾರ ಸರ್. ಬಿ.ಕಾಂ. ಮುಗಿಸಿ ನೂಲಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ಮ್ಯೂಸಿಕ್ ಪ್ರೊಡ್ಯೂಸರ್ ಆಗಬೇಕೆಂಬ ಆಸೆಯಿದೆ. ಕೂಡಿಟ್ಟ 60 ಸಾವಿರ ರೂಪಾಯಿಯನ್ನು ಬೆಂಗಳೂರಿನ ಕೋರ್ಸಿಗೆ ಕಟ್ಟಲೇ, ಸಲಕರಣೆ ಕೊಂಡು ಮನೆಯಲ್ಲೇ ಆರಂಭಿಸಲೇ? ಅಕ್ಕಪಕ್ಕದ ವಿದ್ಯುತ್ ಮಗ್ಗಗಳ ಸದ್ದು ಇನ್ನೊಂದು ಚಿಂತೆ.

ಉತ್ತರ (ಬೆಳಗಾವಿಯ ಸ್ಟುಡಿಯೊದಿಂದ): ನಮಸ್ಕಾರ. ಬೆಂಗಳೂರಿಗೆ ಹೋಗುವುದು ಈಗಲೇ ಬೇಡ, ಕೈಯಲ್ಲಿರುವ ಕೆಲಸವನ್ನೂ ಬಿಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಾಫ್ಟ್‌ವೇರನ್ನು ಯಾವ ಊರಿನಲ್ಲಿ ಕುಳಿತಾದರೂ ಕಲಿಯಬಹುದು. ಆದರೆ ಹಾಡುಗಾರರನ್ನು ಕೂರಿಸಿಕೊಂಡು, ಅವರ ಶ್ರುತಿಯನ್ನು ಹಿಡಿದು, ಯಾವ ಸಾಲನ್ನು ಮತ್ತೆ ಹಾಡಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಎಂದು ತೀರ್ಮಾನಿಸಿ, ಒಂದು ಹಾಡನ್ನು ಕೊನೆಮುಟ್ಟಿಸುವ ಹೊಣೆಯನ್ನು ಕಲಾವಿದರ ನಡುವೆಯೇ ಕಲಿಯಬೇಕಾಗುತ್ತದೆ. ಗೀಗೀ ಮೇಳ, ಶ್ರೀಕೃಷ್ಣ ಪಾರಿಜಾತ, ಕರಡಿ ಮಜಲು ಈ ಜನಪದ ಕಲೆಗಳೆಲ್ಲ ನಿಮ್ಮ ಸೀಮೆಯಲ್ಲೇ ಇರುವಾಗ ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಸಲಕರಣೆಯ ವಿಷಯ ಚಿಕ್ಕದು. ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸುವ, ಎರಡು ಮೈಕ್ ಜೋಡಿಸಬಹುದಾದ ಆಡಿಯೊ ಇಂಟರ್‌ಫೇಸ್, ದೂರದ ಸದ್ದನ್ನು ಅಷ್ಟಾಗಿ ಹಿಡಿಯದ ಒಂದು ಡೈನಾಮಿಕ್ ಮೈಕ್, ಕಿವಿ ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್ ಇದ್ದರೆ ಮೊದಲ ವರ್ಷಕ್ಕೆ ಸಾಕು. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರನ್ನು 60 ದಿನ ಪರೀಕ್ಷಿಸಿ ನೋಡಬಹುದು. ಸಣ್ಣ ಬಳಕೆದಾರರಿಗೆ ಅದರ ಬೆಲೆ 60 ಡಾಲರ್. ಕದ್ದ ಸಾಫ್ಟ್‌ವೇರಿನಿಂದ ವೃತ್ತಿಯನ್ನು ಆರಂಭಿಸಬೇಡಿ. ಉಳಿದ ಹಣವನ್ನು ಕಲಾವಿದರ ಸಂಭಾವನೆಗೆಂದು ತೆಗೆದಿಡಿ.

ಮಗ್ಗದ ಸದ್ದಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಹೊರಗಿನ ಸದ್ದು ನಿಲ್ಲುವುದಿಲ್ಲ. ದಪ್ಪ ಕೌದಿಗಳನ್ನು ಗೋಡೆಯಿಂದ ತುಸು ದೂರ ಇಳಿಬಿಟ್ಟರೆ ಕೋಣೆಯೊಳಗಿನ ಪ್ರತಿಧ್ವನಿ ಚೆನ್ನಾಗಿ ತಗ್ಗುತ್ತದೆ, ಆದರೆ ಮಗ್ಗದ ಬಡಿತವನ್ನು ತಡೆಯಲು ಭಾರವಾದ ಗೋಡೆಯೂ ಸಂದಿಯಿಲ್ಲದ ಬಾಗಿಲು, ಕಿಟಕಿಗಳೂ ಬೇಕು. ಅಷ್ಟು ಖರ್ಚು ಈಗ ಬೇಡ. ಮಗ್ಗಗಳು ನಿಂತಿರುವ ಹೊತ್ತನ್ನೇ ಆರಿಸಿಕೊಂಡು, ಫ್ಯಾನ್ ಆರಿಸಿ, ಡೈನಾಮಿಕ್ ಮೈಕನ್ನು ಬಾಯಿಗೆ ಹತ್ತಿರವಿಟ್ಟು ಹಾಡಿಸಿರಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಏರುದನಿಯೂ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ (ಗರಿಷ್ಠ ಮಿತಿಯಾದ ಸೊನ್ನೆಗಿಂತ 6 ಕೆಳಗೆ) ದಾಟದಂತೆ ನೋಡಿಕೊಂಡರೆ ಧ್ವನಿ ಒಡೆಯುವುದಿಲ್ಲ.

ನಿಜವಾದ ಶ್ರಮ ಬೇಕಾಗುವುದು ಶ್ರುತಿ ಮತ್ತು ಲಯದಲ್ಲಿ. ಕೀಬೋರ್ಡಿನ ಶ್ರುತಿ, ಅಂದರೆ ಅದರ ಮಧ್ಯದ ಎ ಸ್ವರ, ಸಾಮಾನ್ಯವಾಗಿ 440 ಹರ್ಟ್ಜ್‌ಗೆ ಕೂಡಿರುತ್ತದೆ. ಹಳೆಯ ಹಾರ್ಮೋನಿಯಂ, ಶಹನಾಯಿಗಳು ಅದಕ್ಕಿಂತ ತುಸು ಮೇಲೋ ಕೆಳಗೋ ಇರುತ್ತವೆ. ಆದ್ದರಿಂದ ಮೊದಲು ವಾದ್ಯದ ಸ್ವರವನ್ನು ಟ್ಯೂನರ್‌ನಲ್ಲಿ ಅಳೆದು, ಆಮೇಲೆ ಕೀಬೋರ್ಡನ್ನು ಅದಕ್ಕೆ ಹೊಂದಿಸಬೇಕು. ಹಾಡುಗಾರರಿಗೆ ಕರಿ ಎರಡು (ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿ) ಹಿತವಾಗಿದ್ದರೆ ನಿಮ್ಮ ಟ್ರ್ಯಾಕಿನ ಅನುಕೂಲಕ್ಕಾಗಿ ಅವರನ್ನು ಕರಿ ಒಂದಕ್ಕೆ ಇಳಿಸಬೇಡಿ. ಗೀಗೀ ಪದದಲ್ಲಿ ಹಾಡು ಕಾವೇರಿದಂತೆ ಲಯವೂ ಏರುತ್ತದೆ. ಒಂದೇ ವೇಗದಲ್ಲಿ ಟಿಕ್ ಟಿಕ್ ಎಂದು ತಾಳ ಹಿಡಿಯುವ ಕ್ಲಿಕ್ ಟ್ರ್ಯಾಕನ್ನು ಕಿವಿಗೆ ಕೊಟ್ಟರೆ ಆ ಏರಿಕೆಯೇ ಸತ್ತುಹೋಗುತ್ತದೆ. ಮೊದಲು ಅವರ ನಡೆಯಲ್ಲೇ ಹಾಡಿಸಿ, ಅನಂತರ ಸಾಫ್ಟ್‌ವೇರಿನಲ್ಲಿ ಮಾತ್ರೆ ಮಾತ್ರೆಗೆ ಗುರುತು ಹಾಕಿ, ಬೇಸ್ (ತಗ್ಗಿನ ಸ್ವರ), ಪ್ಯಾಡ್ (ಹಿನ್ನೆಲೆಯ ಉದ್ದ ಸ್ವರ) ಇವುಗಳನ್ನು ಅದರ ಮೇಲೆ ಕೂರಿಸಬಹುದು. ಈ ಕೆಲಸ ನಿಧಾನದ್ದು, ಆದರೆ ಹಾಡಿನ ಜೀವ ಇದರಲ್ಲಿಯೇ ಉಳಿಯುತ್ತದೆ. ಡಿಜೆ ಜಾನಪದ ಹಾಡುಗಳಿಗೆ ಇಂದು ದೊಡ್ಡ ಬೇಡಿಕೆಯಿದೆ, ಅದನ್ನು ನಾನು ಕೀಳೆನ್ನುವುದಿಲ್ಲ. ಅಲ್ಲಿಯೂ ದಪ್ಪು ಎಂಬ ಚರ್ಮವಾದ್ಯದ ನಿಜವಾದ ಪೆಟ್ಟು ಕೇಳಿಸಿದ ಹಾಡು ಬೇರೆಯಾಗಿಯೇ ನಿಲ್ಲುತ್ತದೆ.

ಮರುಪ್ರಶ್ನೆ: ಧನ್ಯವಾದ ಸರ್. ಮೊದಲ ಗಳಿಕೆ ಎಲ್ಲಿಂದ? ಹಾಡಿನ ಹಕ್ಕು ಯಾರದಾಗುತ್ತದೆ?

ಉತ್ತರ: ಶಾಲೆಯ ಗ್ಯಾದರಿಂಗಿನ (ವಾರ್ಷಿಕೋತ್ಸವದ) ಟ್ರ್ಯಾಕ್, ಭಜನಾ ಮಂಡಳಿಯ ಹಾಡು, ಪ್ರಚಾರದ ಆಡಿಯೊ ಇವು ಮೊದಲು ಬರುವ ಕೆಲಸಗಳು. ಅರ್ಧ ಹಣವನ್ನು ಮುಂಗಡವಾಗಿ ಪಡೆಯಿರಿ. ಎಷ್ಟು ಬಾರಿ ತಿದ್ದಿ ಕೊಡುತ್ತೀರಿ ಎಂಬುದನ್ನು ಮೊದಲೇ ತಿಳಿಸಿ. ಸಿನಿಮಾ ಹಾಡಿನ ಧಾಟಿಗೆ ಹೊಸ ಸಾಹಿತ್ಯ ಕೂರಿಸುವ ಕೆಲಸವನ್ನು ಅನುಮತಿಯಿಲ್ಲದೆ ಒಪ್ಪಬೇಡಿ, ಏಕೆಂದರೆ ಧಾಟಿಗೂ ಒಡೆಯರಿರುತ್ತಾರೆ.

ಹಕ್ಕಿನ ವಿಷಯದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಧ್ವನಿಮುದ್ರಣವನ್ನೂ ರಾಗಸಂಯೋಜನೆಯನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಧ್ವನಿಮುದ್ರಣದ ನಿರ್ಮಾಪಕರೆಂದರೆ ಅದನ್ನು ಮಾಡಿಸಲು ಮುಂದಾಗಿ ಹೊಣೆ ಹೊತ್ತವರು. ನಿಮಗೆ ಹಣ ಕೊಟ್ಟು ಹಾಡು ಮಾಡಿಸಿದವರು ತಾವೇ ಆ ನಿರ್ಮಾಪಕರೆನ್ನಬಹುದು. ಹೀಗಾಗಿ ಯಾರು ಯಾವುದರ ಒಡೆಯರು ಎಂಬುದು ರೆಕಾರ್ಡಿಂಗಿಗೆ ಮೊದಲೇ ಸಹಿಯೊಡನೆ ಕಾಗದದಲ್ಲಿರಲಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದನ್ನು 5 ವರ್ಷವೆಂದು ಕಾಯ್ದೆ ಪರಿಗಣಿಸುತ್ತದೆ. ರಾಗಸಂಯೋಜನೆ ನಿಮ್ಮದಾಗಿದ್ದರೆ, 2012ರ ತಿದ್ದುಪಡಿಯಂತೆ ಅದರ ರಾಯಧನದ ಪಾಲನ್ನು ನಿಮ್ಮ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕಲ್ಲದೆ ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ. 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ರಾಯಧನವನ್ನು ಸಂಗ್ರಹಿಸಿ ಸದಸ್ಯರಿಗೆ ಹಂಚುವ ಅಂಥ ಸಂಘ. ಹಾಡುಗಳು ಬಿಡುಗಡೆಯಾಗುತ್ತಿದ್ದಂತೆ ಅದರ ಸದಸ್ಯತ್ವಕ್ಕೆ ಅರ್ಜಿ ಹಾಕಿರಿ.

ಹಾಡಿದವರಿಗೂ ನುಡಿಸಿದವರಿಗೂ ಪ್ರದರ್ಶಕರಾಗಿ ತಮ್ಮ ಹೆಸರನ್ನು ಗುರುತಿಸಬೇಕೆಂದು ಕೇಳುವ ಹಕ್ಕು ಅದೇ ಕಾಯ್ದೆಯಲ್ಲಿದೆ. ಪರಂಪರೆಯ ಪದವನ್ನು ಹಿರಿಯರೊಬ್ಬರ ಬಾಯಿಂದ ರೆಕಾರ್ಡ್ ಮಾಡಿಕೊಂಡಾಗ ಸಂಭಾವನೆಯನ್ನು ಅಂದೇ ಕೊಟ್ಟು, ಬಿಡುಗಡೆಯ ವಿವರದಲ್ಲಿ ಅವರ ಹೆಸರು, ಮೇಳ, ಊರನ್ನು ತಪ್ಪದೆ ಬರೆಯಿರಿ.