ಅತ್ತೆಯ ಬದಲಿ ಮಂಡಿಯಲ್ಲಿ ಸೋಂಕು ಇದೆಯೋ ಇಲ್ಲವೋ, ಖಚಿತವಾಗುವುದು ಹೇಗೆ?

ಡೊಂಬಿವಲಿ ಪೂರ್ವ:

ನಮಸ್ಕಾರ. ನನ್ನ ಅತ್ತೆಗೆ 67 ವರ್ಷ, ಸಕ್ಕರೆ ಕಾಯಿಲೆ ಇದೆ. ಎಡ ಮಂಡಿ ಬದಲಿಸಿ 19 ತಿಂಗಳಾಯಿತು. ಆಗ ಹೊಲಿಗೆಯ ಕೆಳತುದಿಯಿಂದ ಹತ್ತು ಹನ್ನೆರಡು ದಿನ ತಿಳಿನೀರು ಜಿನುಗುತ್ತಿತ್ತು, ಆಮೇಲೆ ಒಣಗಿತು. ಮೊದಲ ಆರು ತಿಂಗಳು ನಾವೆಲ್ಲ ಸಂತೋಷಪಟ್ಟೆವು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ನಾಟಕಕ್ಕೆ ನನ್ನ ಜೊತೆ ಲೋಕಲ್ ರೈಲಿನಲ್ಲಿ ಬಂದರು, ನಿಲ್ದಾಣದ ಸೇತುವೆಯ ಮೆಟ್ಟಿಲನ್ನು ತಾವೇ ಹತ್ತಿದರು. ಈಗ ಮೂರನೆಯ ಮಹಡಿಯಿಂದ ಕೆಳಗಿಳಿದು ಎರಡು ತಿಂಗಳಾಯಿತು. ನಡೆದರೆ ಮಾತ್ರವಲ್ಲ, ರಾತ್ರಿ ಮಲಗಿದಾಗಲೂ ನೋವು. ಮಂಡಿ ಮುಟ್ಟಿದರೆ ಬಲಗಾಲಿಗಿಂತ ಬೆಚ್ಚಗಿರುತ್ತದೆ. ಜ್ವರ ಒಮ್ಮೆಯೂ ಬಂದಿಲ್ಲ.

ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಗಳಲ್ಲಿ ಇಎಸ್‌ಆರ್ 42, ಸಿಆರ್‌ಪಿ ಲೀಟರಿಗೆ 14 ಮಿಲಿಗ್ರಾಂ. ಈ ವಯಸ್ಸಿಗೆ ಇಷ್ಟು ಸಹಜ ಎಂದು ಹೇಳಿ ಐದೈದು ದಿನದ ಆಂಟಿಬಯೋಟಿಕ್ ಮಾತ್ರೆಯನ್ನು ಎರಡು ಸಲ ಕೊಟ್ಟರು. ನುಂಗಿದಾಗ ಸ್ವಲ್ಪ ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ಎರಡನೆಯ ಸಲದ ಮಾತ್ರೆ ನಡೆಯುತ್ತಿರುವಾಗಲೇ ಮಂಡಿಯಿಂದ ನೀರು ತೆಗೆದು ಕಲ್ಚರಿಗೆ, ಅಂದರೆ ಕ್ರಿಮಿ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ, ಕಳಿಸಿದರು. 48 ಗಂಟೆಗಳಲ್ಲಿ ‘ಬೆಳವಣಿಗೆ ಇಲ್ಲ’ ಎಂಬ ವರದಿ ಬಂತು. ಸೋಂಕಿಲ್ಲ, ವ್ಯಾಯಾಮ ಮಾಡಿಸಿ ಎಂದರು. ಇನ್ನೊಬ್ಬ ವೈದ್ಯರು ಎಕ್ಸ್‌ರೇ ನೋಡಿ ಕೀಲು ಸಡಿಲವಾದಂತಿದೆ, ಬಿಚ್ಚಿ ಮತ್ತೆ ಹಾಕಬೇಕಾಗಬಹುದು ಎನ್ನುತ್ತಾರೆ. ಅತ್ತೆ ನನ್ನ ಮುಖ ನೋಡಿ, ‘ನಾನು ಸರಿಯಾಗಿ ವ್ಯಾಯಾಮ ಮಾಡಲಿಲ್ಲ ಅಂತಲೇನಮ್ಮಾ?’ ಎಂದು ಕೇಳುತ್ತಾರೆ. ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು ನನ್ನಿಂದ ಆಗುತ್ತಿಲ್ಲ. ಒಳಗೆ ಕ್ರಿಮಿ ಇದೆಯೋ ಇಲ್ಲವೋ ಎಂದು ತಿಳಿಯಲು ಇನ್ನೇನು ದಾರಿ ಇದೆ?

ಹಳೆಯ ಲ್ಯಾಬಿನವಳು, ಪುಣೆ:

ತಂಗೀ, ಮೊದಲು ನಿಮ್ಮ ಅತ್ತೆಗೆ ಹೇಳಿ, ಇದು ವ್ಯಾಯಾಮದ ತಪ್ಪಲ್ಲ. ನಾನು ಧಾರವಾಡದವಳು. ಪುಣೆಯ ಒಂದು ಆಸ್ಪತ್ರೆಯ ಮೈಕ್ರೊಬಯಾಲಜಿ ಲ್ಯಾಬಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ನಾನು ವೈದ್ಯೆಯಲ್ಲ, ಆದರೆ ಇಂಥ ಮಂಡಿಗಳ ನೀರು ನನ್ನ ಕೈಯಿಂದ ಬಹಳ ಹೋಗಿದೆ.

ನಿಮ್ಮ ವರದಿ ‘ಸೋಂಕಿಲ್ಲ’ ಎಂದು ಹೇಳುತ್ತಿಲ್ಲ. ಮಾತ್ರೆ ನುಂಗುತ್ತಿದ್ದಾಗ ತೆಗೆದ ನೀರಿನಲ್ಲಿ, ಎರಡು ದಿನದಲ್ಲಿ, ನಮಗೇನೂ ಕಾಣಲಿಲ್ಲ ಎಂದಷ್ಟೇ ಹೇಳುತ್ತಿದೆ. ಈ ಎರಡೂ ಮಾತಿನ ನಡುವೆ ದೊಡ್ಡ ಅಂತರವಿದೆ.

ನಿಮ್ಮ ಕಟ್ಟಡದ ಮೇಲಿನ ನೀರಿನ ಟಾಕಿಯನ್ನು ನೆನಪಿಸಿಕೊಳ್ಳಿ. ತಂಬಿಗೆಯಲ್ಲಿ ನೀರೆತ್ತಿದರೆ ತಿಳಿಯಾಗಿರುತ್ತದೆ, ಒಳಗೋಡೆಗೆ ಬೆರಳು ಉಜ್ಜಿದರೆ ಲೋಳೆ ಹತ್ತುತ್ತದೆ. ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲಿನ ಮೇಲೆ ಬ್ಯಾಕ್ಟೀರಿಯಾ ಇರುವುದು ಹಾಗೆಯೇ. ತಮ್ಮ ಸುತ್ತ ತಾವೇ ಲೋಳೆಪದರ ಕಟ್ಟಿಕೊಂಡು ಅಂಟಿ ಕೂತಿರುತ್ತವೆ. ಮಾತ್ರೆ ನೀರಿನಲ್ಲಿ ತೇಲುವವನ್ನು ಕೊಲ್ಲುತ್ತದೆ, ನೋವು ನಾಲ್ಕು ದಿನ ತಗ್ಗುತ್ತದೆ, ಲೋಳೆಯೊಳಗಿನವು ಉಳಿಯುತ್ತವೆ. ನಿಮ್ಮ ಅತ್ತೆಗೆ ಆದದ್ದು ಇದಕ್ಕೆ ತೀರ ಹತ್ತಿರವಾಗಿದೆ. ಗಾಯ ಅಷ್ಟು ದಿನ ಜಿನುಗಿದ್ದೂ ಸಕ್ಕರೆ ಕಾಯಿಲೆಯೂ ಸೋಂಕಿನ ಅನುಮಾನವನ್ನು ಹೆಚ್ಚಿಸುತ್ತವೆ.

ರಕ್ತದ ಅಂಕಿಗಳ ಬಗ್ಗೆ: ಫಿಲಡೆಲ್ಫಿಯಾದಲ್ಲಿ 2018ರಲ್ಲಿ ನಡೆದ ಅಂತರರಾಷ್ಟ್ರೀಯ ತಜ್ಞರ ಸಭೆಯ ಮಾನದಂಡದಲ್ಲಿ, ಹಳೆಯ ಸೋಂಕಿನ ಅನುಮಾನವಿದ್ದಾಗ ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿದರೆ, ಇಎಸ್‌ಆರ್ 30 ದಾಟಿದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಿಮ್ಮವು ಎರಡೂ ದಾಟಿವೆ. ಅಷ್ಟರಿಂದಲೇ ಸೋಂಕು ಖಚಿತವಾಗುವುದಿಲ್ಲ, ಸಂಧಿವಾತದಂಥ ಬೇರೆ ಕಾಯಿಲೆಯಲ್ಲೂ ಏರುತ್ತವೆ. ಆದರೆ ‘ಸಹಜ’ ಎಂದು ಬದಿಗಿಡುವ ಅಂಕಿಗಳಲ್ಲ. ಹಳೆಯ ವರದಿಗಳನ್ನು ಹೋಲಿಸುವಾಗ ಅಳತೆಯ ಮಾನವನ್ನೂ ನೋಡಿ. ಕೆಲವು ಲ್ಯಾಬುಗಳು ಡೆಸಿಲೀಟರಿನಲ್ಲಿ ಕೊಡುತ್ತವೆ, ಅಲ್ಲಿ 1.4 ಎಂದಿದ್ದರೆ ಅದೂ ನಿಮ್ಮ ಈ 14ರಷ್ಟೇ.

ಮುಖ್ಯವಾದದ್ದು ಮಂಡಿಯ ನೀರನ್ನು ಮತ್ತೊಮ್ಮೆ, ಸರಿಯಾಗಿ ತೆಗೆಸುವುದು. ಆಂಟಿಬಯೋಟಿಕ್ ನಿಂತು ಕಡಿಮೆಯೆಂದರೆ ಎರಡು ವಾರವಾಗಿರಬೇಕು. ಇದನ್ನು ವೈದ್ಯರೊಡನೆ ಮಾತನಾಡಿಯೇ ಮಾಡಿ. ನಡುವೆ ಜ್ವರ, ನಡುಕ, ಮಂಡಿ ಕೆಂಪಾಗುವುದು, ಕೀವು ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ತೆಗೆದ ನೀರನ್ನು ಬರೀ ಕಲ್ಚರಿಗೆ ಕಳಿಸಿದರೆ ಸಾಲದು. ಸ್ವಲ್ಪ ಭಾಗ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಜೀವಕೋಶಗಳ ಎಣಿಕೆಗೆ ಹೋಗಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಎಣಿಸಲಾಗುವುದಿಲ್ಲ. ಇಲ್ಲೊಂದು ತಪ್ಪು ಪದೇ ಪದೇ ಆಗುವುದನ್ನು ಕಂಡಿದ್ದೇನೆ. ಸ್ವಂತ ಮಂಡಿಯಲ್ಲಿ ಕೀವಾದಾಗ ಬಿಳಿ ರಕ್ತಕಣಗಳು ಸಾಮಾನ್ಯವಾಗಿ 50,000 ದಾಟುತ್ತವೆ, ಆ ಲೆಕ್ಕ ತಲೆಯಲ್ಲಿರುವವರು 5,000 ಕಂಡರೆ ಏನೂ ಇಲ್ಲ ಎನ್ನುತ್ತಾರೆ. ಬದಲಿ ಮಂಡಿಗೆ ಗಡಿಯೇ ಬೇರೆ: ಮೈಕ್ರೊಲೀಟರಿಗೆ 3,000, ಅದರಲ್ಲಿ ನ್ಯೂಟ್ರೊಫಿಲ್ ಎಂಬ ಬಗೆಯ ಬಿಳಿ ಕಣ ಶೇಕಡಾ 80. ಇದೊಂದು ಅಂಕಿಯನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ.

ಕಲ್ಚರಿನ ಭಾಗವನ್ನು ರಕ್ತದ ಕಲ್ಚರ್ ಬಾಟಲಿಗೂ ಹಾಕಲು ಕೇಳಿ, ಕ್ರಿಮಿ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಚೀಟಿಯ ಮೇಲೆ ‘ಬದಲಿ ಮಂಡಿ, 14 ದಿನ ಇಡಿ’ ಎಂದು ವೈದ್ಯರಿಂದಲೇ ಬರೆಸಿ. ಬರೆಯದಿದ್ದರೆ ಲ್ಯಾಬಿನವರಿಗೆ ಅದು ಬೇರೆಲ್ಲ ನೀರಿನಂತೆಯೇ. ಕ್ಯುಟಿಬ್ಯಾಕ್ಟೀರಿಯಂ ಎಂಬ ಚರ್ಮದ ಕ್ರಿಮಿ ಬಹಳ ನಿಧಾನ. ಒಮ್ಮೆ ನಾನು ಒಂಬತ್ತನೆಯ ದಿನ, ಇನ್ನು ತೆಗೆದುಬಿಡೋಣ ಎಂದು ಪ್ಲೇಟ್ ಎತ್ತಿದಾಗ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕಂಡವು. ಕೈ ನಡುಗಿತು. ಅದಕ್ಕೂ ಮೊದಲು ಎಷ್ಟು ಪ್ಲೇಟುಗಳನ್ನು ಐದನೆಯ ದಿನಕ್ಕೆ ಎಸೆದಿದ್ದೆವೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮಂಡಿಯಲ್ಲಿ ಹೆಚ್ಚಾಗಿ ಸಿಗುವುದು ಸ್ಟಫಿಲೊಕಾಕಸ್, ಅದು ಬೇಗ ಬೆಳೆಯುತ್ತದೆ. ಆದರೂ 14 ದಿನ ಇಡಿಸಿ. ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯಬಾರದು, ಅದರ ಕಲ್ಚರ್ ಬೇರೆ, ಆರು ವಾರ ಬೇಕು.

ಮಂಡಿಯ ನೀರಿನಲ್ಲೇ ಮಾಡುವ ಆಲ್ಫಾ ಡಿಫೆನ್ಸಿನ್ ಎಂಬ ಪರೀಕ್ಷೆಯೂ ಇದೆ, ಒಳ್ಳೆಯದೇ, ದುಬಾರಿ. ಮೂತ್ರ ಪರೀಕ್ಷೆಯ ಪಟ್ಟಿಯನ್ನೇ ಮಂಡಿಯ ನೀರಿಗೆ ಅದ್ದಿ ಲ್ಯೂಕೊಸೈಟ್ ಎಸ್ಟರೇಸ್ ಎಂಬ ಬಿಳಿ ರಕ್ತಕಣಗಳ ಕಿಣ್ವವನ್ನು ನೋಡುವ ಅಗ್ಗದ ದಾರಿಯೂ ಉಂಟು. ರಕ್ತ ಬೆರೆತಿದ್ದರೆ ಬಣ್ಣ ಓದಲಾಗದು, ಮೊದಲು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕು.

ಠಾಣೆಯ ಫಿಸಿಯೊ:

ಮೇಲಿನ ಮಾತಿಗೆ ಒಂದೇ ಸೇರ್ಪಡೆ. ಬದಲಿ ಮಂಡಿಯ ನೋವೆಲ್ಲ ಸೋಂಕಲ್ಲ. ಕ್ರಿಮಿಯಿಲ್ಲದೆಯೂ ಕೀಲು ಸಡಿಲವಾಗುತ್ತದೆ, ಮಂಡಿಚಿಪ್ಪು ಸರಿಯಾಗಿ ಜಾರುವುದಿಲ್ಲ, ಸೊಂಟದ ಕೀಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ವಿಶ್ರಾಂತಿಯಲ್ಲೂ ನೋವು, ಜೊತೆಗೆ ಬಿಸಿ ಇದ್ದರೆ ನಾನು ವ್ಯಾಯಾಮ ನಿಲ್ಲಿಸಿ ಶಸ್ತ್ರವೈದ್ಯರ ಬಳಿ ವಾಪಸು ಕಳಿಸುತ್ತೇನೆ. ಸಡಿಲಾಗಿರುವ ಕೀಲನ್ನು ಬಿಚ್ಚುವ ಮೊದಲು ಸೋಂಕು ಇದೆಯೇ ಎಂದು ನೋಡಲೇಬೇಕು. ಎರಡಕ್ಕೂ ಚಿಕಿತ್ಸೆ ಬೇರೆ.

ವಾಸ್ಕೊ ನಿವಾಸಿ:

ನಾನು ಕಾರವಾರದವನು, ಕೆಲಸಕ್ಕೆಂದು ಗೋವಾಕ್ಕೆ ಬಂದು ಇಲ್ಲೇ ನೆಲೆಸಿದೆ. ನನ್ನ ಬಲ ಮಂಡಿಯದೂ ಇದೇ ಕಥೆ. ಮೊದಲ ಸಲ ನೀರು ತೆಗೆದಾಗ ಸ್ಟಫಿಲೊಕಾಕಸ್ ಎಪಿಡರ್ಮಿಡಿಸ್ ಬೆಳೆದಿತ್ತು. ವರದಿಯಲ್ಲಿ ‘ಚರ್ಮದಿಂದ ಬೆರೆತಿರಬಹುದು’ ಎಂದು ಬರೆದಿದ್ದರು, ಎಲ್ಲರೂ ಅದನ್ನು ಬಿಟ್ಟುಬಿಟ್ಟರು. ಎಂಟು ತಿಂಗಳು ಕಳೆಯಿತು. ಕೊನೆಗೆ ಕೀಲು ಬಿಚ್ಚಿದ ದಿನ ಹೊಸ ಶಸ್ತ್ರವೈದ್ಯರು ಐದು ಕಡೆಯ ಅಂಗಾಂಶವನ್ನು ಐದು ಬೇರೆ ಉಪಕರಣದಿಂದ ತೆಗೆದು ಐದು ಡಬ್ಬಿಗೆ ಹಾಕಿಸಿದರು. ನಾಲ್ಕರಲ್ಲಿ ಅದೇ ಎಪಿಡರ್ಮಿಡಿಸ್. ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಟ್ಟು, ಆರು ವಾರ ಔಷಧ ಕೊಟ್ಟು, ಸುಮಾರು ಮೂರು ತಿಂಗಳ ಮೇಲೆ ಹೊಸದನ್ನು ಹಾಕಿದರು. ಆ ಮೂರು ತಿಂಗಳು ಕಷ್ಟವೇ, ಹೆಂಡತಿ ಇಲ್ಲದಿದ್ದರೆ ನಾನು ಎದ್ದು ನಿಲ್ಲುತ್ತಿರಲಿಲ್ಲ. ಈಗ ಮೀನು ಮಾರುಕಟ್ಟೆಗೆ ನಡೆದೇ ಹೋಗುತ್ತೇನೆ.

ಹಳೆಯ ಲ್ಯಾಬಿನವಳು, ಪುಣೆ:

ವಾಸ್ಕೊದ ಅಣ್ಣಾವರು ಬರೆದದ್ದು ಚಿನ್ನದಂಥ ಮಾತು. ಒಂದು ಡಬ್ಬಿಯಲ್ಲಿ ಚರ್ಮದ ಕ್ರಿಮಿ ಬಂದರೆ ಅನುಮಾನ, ಎರಡರಲ್ಲಿ ಒಂದೇ ಕ್ರಿಮಿ ಬಂದರೆ ಅದು ಸೋಂಕು. ಬಿಚ್ಚುವ ಹಂತ ಬಂದರೆ ತೆಗೆದ ಕೀಲನ್ನೇ ಲ್ಯಾಬಿಗೆ ಕಳಿಸಿ ಶ್ರವಣಾತೀತ ತರಂಗದಿಂದ ಲೋಳೆ ಉದುರಿಸಿ ಕಲ್ಚರ್ ಮಾಡುವ ಸೌಲಭ್ಯ ಇದೆಯೇ ಎಂದು ಕೇಳಿ. 2007ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಪ್ರಕಟಿಸಿದ ಅಧ್ಯಯನದಲ್ಲಿ ಅಂಗಾಂಶದ ಕಲ್ಚರ್ ಶೇಕಡಾ 60.8ರಷ್ಟು ಸೋಂಕುಗಳನ್ನು ಹಿಡಿದಿತ್ತು, ಈ ವಿಧಾನ ಶೇಕಡಾ 78.5ರಷ್ಟನ್ನು. ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ವಾರದಲ್ಲಿ ಆಂಟಿಬಯೋಟಿಕ್ ತೆಗೆದುಕೊಂಡಿದ್ದವರಲ್ಲಿ ಅಂತರ ಇನ್ನೂ ದೊಡ್ಡದು, 45ಕ್ಕೆ 75. ಆ ಮಾತ್ರೆಗಳ ಬಗ್ಗೆ ನಾನು ಇಷ್ಟು ಹೇಳುತ್ತಿರುವುದು ಇದಕ್ಕೇ.

ಡೊಂಬಿವಲಿ ಪೂರ್ವ:

ಅಕ್ಕಾ, ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎರಡನೆಯ ವೈದ್ಯರು ನಾನು ಬರೆದುಕೊಂಡು ಹೋದ ಹಾಳೆಯನ್ನು ತಾಳ್ಮೆಯಿಂದ ಓದಿದರು, ಮಾತ್ರೆ ನಿಂತು 17 ದಿನವಾದ ಮೇಲೆ ನೀರು ತೆಗೆದರು. ಕಣಗಳು 6,800, ನ್ಯೂಟ್ರೊಫಿಲ್ ಶೇಕಡಾ 86. ಇಂದು ಕಲ್ಚರಿನ ನಾಲ್ಕನೆಯ ದಿನ. ಎರಡು ಬಾಟಲಿಗಳಲ್ಲಿ ಒಂದು ಬೆಳೆಯುತ್ತಿದೆ, ಹೆಸರು ಇನ್ನೂ ಹೇಳಿಲ್ಲ. ಅತ್ತೆಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನನ್ನ ತಪ್ಪಲ್ಲ’ ಎಂದರು. ಆಮೇಲೆ ಊಟ ಕೇಳಿದರು.

ಹಳೆಯ ಲ್ಯಾಬಿನವಳು, ಪುಣೆ:

ಇನ್ನೊಂದು ಬಾಟಲಿಯನ್ನು ತೆಗೆಯದೆ 14 ದಿನ ಇಡಲು ಇವತ್ತೇ ಫೋನ್ ಮಾಡಿ ಹೇಳಿ, ತಂಗೀ. ಹೆಸರು ಬಂದಾಗ ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ವರದಿಯನ್ನೂ ಕೇಳಿ ಪಡೆಯಿರಿ. ಅಲ್ಲಿಯವರೆಗೆ ಯಾರೇ ಹೊಸ ಮಾತ್ರೆ ಬರೆದುಕೊಟ್ಟರೂ ನೀರು ತೆಗೆದ ವೈದ್ಯರಿಗೆ ತೋರಿಸದೆ ಕೊಡಬೇಡಿ.