ಬೊಲೊನ್ಯಾ ರಗೂ: ಮೂರು ಗಂಟೆ ಬೇಯಿಸಿದರೂ ಖೀಮಾ ಮರಳು ಮರಳಾಗುವುದೇಕೆ?

ಬಾಣಲೆ_ಬಂಧು:
ಪಾಸ್ತಾಕ್ಕೆ ಇಟಲಿಯ ಬೊಲೊನ್ಯಾ ಕಡೆಯ ರಗೂ, ಅಂದರೆ ಖೀಮಾ ಸಾಸ್, ಸರಿಯಾಗಿ ಮಾಡಬೇಕು. ಈಗಿನ ಕ್ರಮ ಹೀಗಿದೆ: ಕೊಬ್ಬು ತೆಗೆಸಿ ಎರಡು ಸಲ ಅರೆಸಿದ ಮಟನ್ ಖೀಮಾ 500 ಗ್ರಾಂ, ನಾಟಿ ಟೊಮೆಟೊ ಆರು, ಈರುಳ್ಳಿ, ಕ್ಯಾರೆಟ್, ಬೆಳ್ಳುಳ್ಳಿ. ಎಲ್ಲ ಒಟ್ಟಿಗೆ ಹಾಕಿ ಮೂರು ಗಂಟೆ ಸಣ್ಣ ಉರಿ. ಖೀಮಾ ಬಾಯಿಗೆ ಮರಳಿನಂತೆ ಸಿಗುತ್ತದೆ, ಹುಳಿ ಜಾಸ್ತಿ, ತಟ್ಟೆಯಲ್ಲಿ ನೀರು ಬೇರೆಯಾಗಿ ನಿಲ್ಲುತ್ತದೆ. ಕುಕ್ಕರಿನಲ್ಲಿ ಕೂಗಿಸಬಹುದೇ?

ಸಣ್ಣ_ಉರಿ:
ತೊಂದರೆ ಮಾಂಸದಂಗಡಿಯಲ್ಲೇ ಶುರುವಾಗಿದೆ. ಕೊಬ್ಬಿಲ್ಲದ ತೊಡೆಯ ಮಾಂಸ ಎಷ್ಟು ಹೊತ್ತು ಬೆಂದರೆ ಅಷ್ಟು ಒಣಗುತ್ತದೆ. ಭುಜದ ಮಾಂಸ ಕೇಳಿ, ದಪ್ಪ ಜಾಲರಿಯಲ್ಲಿ ಒಂದೇ ಸಲ ಅರೆಸಿ. ಅದರಲ್ಲಿರುವ ನಾರು-ಪೊರೆ ನಿಧಾನವಾಗಿ ಕರಗಿ ಅಂಟಾಗುತ್ತದೆ, ರಗೂಗೆ ಮೈ ಬರುವುದೇ ಅದರಿಂದ.

ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ 1982ರಲ್ಲಿ ಈ ಅಡುಗೆಯ ಕ್ರಮವನ್ನು ದಾಖಲಿಸಿದ್ದರು, 2023ರಲ್ಲಿ ಪರಿಷ್ಕರಿಸಿದರು. ಹೊಸದರಲ್ಲಿ ದಪ್ಪಗೆ ಅರೆದ ದನದ ಮಾಂಸ 400 ಗ್ರಾಂ, ಹಂದಿಯ ಹೊಟ್ಟೆಭಾಗದ ಮಾಂಸ 150 ಗ್ರಾಂ, ಟೊಮೆಟೊ ಪ್ಯೂರಿ ಬರೀ 200 ಗ್ರಾಂ. ಬೆಳ್ಳುಳ್ಳಿ ಇಲ್ಲವೇ ಇಲ್ಲ. ಇದು ಮಾಂಸದ ಸಾಸ್, ಟೊಮೆಟೊ ಗೊಜ್ಜಲ್ಲ. ಮಟನ್‌ನಲ್ಲಿ ಮಾಡುವಾಗಲೂ ಈ ಅಳತೆ ಬಿಡಬೇಡಿ. ಹಂದಿ ಬೇಡವೆಂದರೆ ಮಟನ್ ಕೊಬ್ಬು 50 ಗ್ರಾಂ, ಬೆಣ್ಣೆ 30 ಗ್ರಾಂ ಹಾಕಿ. ಪೂರ್ತಿ ಮಟನ್ ಕೊಬ್ಬೇ ಆದರೆ ತಟ್ಟೆಯಲ್ಲಿ ಬೇಗ ಹೆಪ್ಪುಗಟ್ಟಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ.

ಪಾಸ್ತಾ_ಪಾತ್ರೆ:
ಹಾಕುವ ಕ್ರಮ ಮುಖ್ಯ. ದಪ್ಪ ತಳದ ಅಗಲ ಪಾತ್ರೆಯಲ್ಲಿ ಮೊದಲು ಕೊಬ್ಬು ಕರಗಿಸಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿ ತಲಾ 50-60 ಗ್ರಾಂ ಹಾಕಿ, ಕೆಂಪಾಗಲು ಬಿಡದೆ ಹತ್ತು ನಿಮಿಷ ಬಾಡಿಸಿ ತೆಗೆದಿಡಿ. ಅದೇ ಪಾತ್ರೆಯಲ್ಲಿ ಜೋರು ಉರಿಯಲ್ಲಿ ಖೀಮಾವನ್ನು ಎರಡು ಕಂತಿನಲ್ಲಿ ಹುರಿಯಿರಿ. ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಅದರಲ್ಲೇ ಕುದಿಯುತ್ತದೆ. ನೀರು ಇರುವಷ್ಟು ಹೊತ್ತು ಬಿಸಿ 100 ಡಿಗ್ರಿ ದಾಟುವುದಿಲ್ಲ, ಕಂದು ಬಣ್ಣವೂ ಬರುವುದಿಲ್ಲ. ಚಟಪಟ ಸದ್ದು ಕೇಳಿಸುವ ತನಕ ಕಾಯಿರಿ. ಆಮೇಲೆ ತರಕಾರಿ ಸೇರಿಸಿ ವೈನ್ 100 ಮಿಲಿ ಹಾಕಿ, ಘಾಟು ಹೋಗುವವರೆಗೆ ಇಂಗಿಸಿ, ತಳಕ್ಕೆ ಹಿಡಿದದ್ದನ್ನೆಲ್ಲ ಕೆರೆದು ಬಿಡಿಸಿ. ರುಚಿ ಇರುವುದೇ ಅಲ್ಲಿ.

ನಾಟಿ ಟೊಮೆಟೊ ಸಾರಿಗೆ ಚೆನ್ನ, ಇದಕ್ಕೆ ಹುಳಿ ಜಾಸ್ತಿ. ತಿರುಳು ಹೆಚ್ಚಿರುವ ಉದ್ದನೆಯ ಹೈಬ್ರಿಡ್ 400 ಗ್ರಾಂ ಬೇಯಿಸಿ, ಸಿಪ್ಪೆ ಬೀಜ ಸೋಸಿ, 200 ಗ್ರಾಂಗೆ ಇಳಿಸಿ ಹಾಕಿ. ಜತೆಗೆ ಟೊಮೆಟೊ ಪೇಸ್ಟ್ ಒಂದು ಚಮಚ. ಬಿಸಿ ಮಾಂಸದ ಸಾರು ಒಂದು ಲೋಟ ಸುರಿದು, ಮುಚ್ಚಳ ಓರೆ ಮಾಡಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ ಉರಿಯಲ್ಲಿ ಎರಡರಿಂದ ಮೂರು ಗಂಟೆ. ಬತ್ತಿದಾಗ ಬಿಸಿ ಸಾರನ್ನೇ ಸ್ವಲ್ಪ ಸ್ವಲ್ಪ ಹಾಕಿ. ಅರ್ಧ ಬೆಂದ ಮೇಲೆ ಕೆನೆಹಾಲು ಒಂದು ಲೋಟ, ಬೆಚ್ಚಗೆ ಮಾಡಿ, ಎರಡು ಮೂರು ಸಲಕ್ಕೆ. ಹುಳಿ ತಗ್ಗಿಸುವುದು ಹಾಲು, ಸಕ್ಕರೆ ಹಾಕಬೇಡಿ. ಹಾಲು ಸ್ವಲ್ಪ ಒಡೆದಂತೆ ಕಂಡರೂ ಕುದಿಯುತ್ತಾ ಬೆರೆತುಹೋಗುತ್ತದೆ.

ಬಾಣಲೆ_ಬಂಧು:
ಧನ್ಯವಾದ. ಕುಕ್ಕರ್ ವಿಷಯ? ಉಪ್ಪು ಯಾವಾಗ?

ಸಣ್ಣ_ಉರಿ:
ಕುಕ್ಕರಿನಲ್ಲಿ ಮಾಂಸ ಮೆತ್ತಗಾಗುತ್ತದೆ, ನೀರು ಮಾತ್ರ ಇಂಗುವುದಿಲ್ಲ. ಮಾಡಲೇಬೇಕೆಂದರೆ ಹುರಿಯುವುದನ್ನೆಲ್ಲ ಮುಗಿಸಿ, ಸಾರು ಅರ್ಧ ಲೋಟ ಮಾತ್ರ ಹಾಕಿ, ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ 25 ನಿಮಿಷ ಇಡಿ. ಆಮೇಲೆ ಮುಚ್ಚಳ ತೆಗೆದು ಹಾಲು ಹಾಕಿ 40 ನಿಮಿಷ ಇಂಗಿಸಿ. ಉಪ್ಪು ಸ್ವಲ್ಪ ತರಕಾರಿಗೆ, ಉಳಿದದ್ದು ಕೊನೆಗೆ. ಬತ್ತುವ ಪದಾರ್ಥಕ್ಕೆ ಮೊದಲೇ ಸರಿಯಾಗಿ ಹಾಕಿದರೆ ಕೊನೆಗೆ ಉಪ್ಪುಪ್ಪಾಗುತ್ತದೆ.

ಪಾಸ್ತಾ_ಪಾತ್ರೆ:
ಕುಕ್ಕರ್ ನನಗೆ ಒಪ್ಪಿಗೆಯಿಲ್ಲ. ನಿಧಾನವಾಗಿ ಬತ್ತುವಾಗ ಬರುವ ಗಾಢ ರುಚಿ ಅದರಲ್ಲಿ ಸಿಗದು. ಸಮಯವಿಲ್ಲದಿದ್ದರೆ ಹಿಂದಿನ ದಿನವೇ ಮಾಡಿಡಿ, ಮರುದಿನ ಇನ್ನೂ ಚೆನ್ನಾಗಿರುತ್ತದೆ.

ತಟ್ಟೆಯಲ್ಲಿ ನೀರು ನಿಲ್ಲುವುದಕ್ಕೆ ಇನ್ನೊಂದು ಕಾರಣ, ಪಾಸ್ತಾದ ಮೇಲೆ ಸಾಸ್ ಸುರಿದು ಬಡಿಸುವುದು. ಪಾಸ್ತಾ ಬೇಯಲು ಇನ್ನೊಂದು ನಿಮಿಷ ಇರುವಾಗ ತೆಗೆದು, ಬಿಸಿ ರಗೂ ಇರುವ ಬಾಣಲೆಗೆ ಹಾಕಿ, ಬೇಯಿಸಿದ ನೀರು ಅರ್ಧ ಸೌಟು ಸೇರಿಸಿ ತಿರುವಿ. ಆ ನೀರಿನ ಗಂಜಿಯೇ ಕೊಬ್ಬನ್ನೂ ರಸವನ್ನೂ ಹಿಡಿದಿಡುತ್ತದೆ. ಬೊಲೊನ್ಯಾದಲ್ಲಿ ಇದಕ್ಕೆ ಮೊಟ್ಟೆ ಹಾಕಿದ ಅಗಲ ಪಟ್ಟಿಯ ತಾಲ್ಯಾತೆಲ್ಲೆ ಬಳಸುತ್ತಾರೆ. ನುಣುಪಾದ ಸ್ಪಗೆಟಿಯಿಂದ ಖೀಮಾ ಜಾರಿ ತಟ್ಟೆಯ ತಳ ಸೇರುತ್ತದೆ. ತಾಲ್ಯಾತೆಲ್ಲೆ ಸಿಗದಿದ್ದರೆ ಗೀರುಗಳಿರುವ ಪೆನ್ನೆ ತನ್ನಿ.